ಕ್ವೆಶ್ಚನಬಲ್ ಕಂಟೆಂಟ್: ಇಷ್ಟು ವರ್ಷ ಓದಿದ ಮೇಲೆ ನನ್ನ ಅನಿಸಿಕೆ

ಜೆಫ್ ಜಾಕ್ಸ್ ಅವರ ಈ ವೆಬ್‌ಕಾಮಿಕ್ (ಇಂಟರ್ನೆಟ್‌ನಲ್ಲಿ ಬರುವ ಚಿತ್ರಕಥೆ) ಶುರುವಾಗಿದ್ದು 2003ರ ಆಗಸ್ಟ್‌ನಲ್ಲಿ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಕಂತು, ಒಟ್ಟು ಕಂತುಗಳು 5000 ದಾಟಿವೆ. ಓದಲು ದುಡ್ಡು ಬೇಡ, ಲಾಗಿನ್ ಬೇಡ. ಮೊದಲ ಕಂತಿನಿಂದ ಎಲ್ಲವೂ ಸೈಟಿನಲ್ಲೇ ಇದೆ. ಒಂದು ಪುಟಕ್ಕೆ ಒಂದೇ ಚಿತ್ರ ಇರುವುದರಿಂದ, ಕಕ್ಕಡ ತಿಂಗಳ ಮಳೆಗೆ ನಮ್ಮ ಕೊಡಗಿನ ಗೋಣಿಕೊಪ್ಪದಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿಗೆ ಇಳಿದಾಗಲೂ ಹೇಗೋ ತೆರೆದುಕೊಳ್ಳುತ್ತದೆ.

ಕಥೆ ನಡೆಯುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಊರಿನಲ್ಲಿ. ಅಲ್ಲಿ ರೋಬೋಗಳು ಮನುಷ್ಯರ ಜೊತೆಗೇ ಓಡಾಡಿಕೊಂಡಿವೆ. ಆದರೂ ನಾನು ಓದಿದ ಪ್ರೇಮಕಥೆಗಳಲ್ಲಿ ಇಷ್ಟು ನಿಜ ಅನಿಸಿದ್ದು ಕಡಿಮೆ. ಯಾಕೆಂದರೆ ಇಲ್ಲಿ ಎಲ್ಲರಿಗೂ ಕೆಲಸ ಇದೆ, ಬಾಡಿಗೆ ಕಟ್ಟುವ ಚಿಂತೆ ಇದೆ. ಕಥಾನಾಯಕ ಮಾರ್ಟೆನ್ ಮೊದಲು ಆಫೀಸಿನಲ್ಲಿ, ಆಮೇಲೆ ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುತ್ತಾನೆ. ಅವನ ಜೊತೆ ಮನೆ ಹಂಚಿಕೊಂಡಿರುವ ಫೇ, ಡೋರಾಳ ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮುಂದೆ ಮಾರ್ಟೆನ್-ಡೋರಾ ಪ್ರೀತಿಸುತ್ತಾರೆ. ಅಂದರೆ ಫೇಗೆ ಕೆಲಸದಲ್ಲೂ ಮನೆಯಲ್ಲೂ ಅದೇ ಜೋಡಿ! ಅವರಿಬ್ಬರು ಬೇರೆಯಾದ ಮೇಲೂ ಯಾರೂ ಯಾರ ಕಣ್ಣಿನಿಂದಲೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಣ್ಣ ಊರು ಹಾಗೇ ಅಲ್ವಾ? ಮಾತು ಬಿಟ್ಟವರು ಸಂತೆಯಲ್ಲಿ ಎದುರಾಗಲೇಬೇಕು.

ನಮ್ಮ ಕಡೆ ಕಾಫಿ ಅಂದರೆ ಕೊಯ್ಲು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು), ಕಣದಲ್ಲಿ ಒಣಗಿಸುವುದು. ಕಾಫಿಯನ್ನು ಕಪ್ಪಿಗೆ ಹಾಕಿ ಕೊಡುವವರ ದಿನ ಹೇಗಿರುತ್ತದೆ ಎಂದು ನಾನು ನೋಡಿದ್ದು ಈ ಕಾಮಿಕ್‌ನಲ್ಲೇ.

ಫೇ ಬಗ್ಗೆ ಚಿಕ್ಕಪ್ಪನ ಮಗಳಿಗೂ ನನಗೂ ಇನ್ನೂ ವಾದ ಮುಗಿದಿಲ್ಲ. ಅವಳು ವಿರಾಜಪೇಟೆಯಿಂದ ಫೋನ್ ಮಾಡಿದಾಗಲೆಲ್ಲ "ಅಕ್ಕಾ, ಫೇ ಮಾರ್ಟೆನ್‌ಗೇ ಸಿಗಬೇಕಿತ್ತು" ಅನ್ನುತ್ತಾಳೆ. ನಾನು ಒಪ್ಪುವುದಿಲ್ಲ. ತನ್ನ ಅಪ್ಪ ಆತ್ಮಹತ್ಯೆ ಮಾಡಿಕೊಂಡ ನೋವನ್ನು ಫೇ ಮಾರ್ಟೆನ್‌ಗೆ ಹೇಳುತ್ತಾಳೆ, ಸಂಬಂಧಕ್ಕೆ ತಾನಿನ್ನೂ ಸಿದ್ಧಳಿಲ್ಲ ಅನ್ನುತ್ತಾಳೆ. ಮಾರ್ಟೆನ್ ಅದನ್ನು ಒಪ್ಪಿಕೊಂಡು ಗೆಳೆಯನಾಗಿಯೇ ಉಳಿಯುತ್ತಾನೆ. ಬೇಡ ಅಂದವಳ ಹಿಂದೆ ಬಿದ್ದು ಒಲಿಸಿಕೊಳ್ಳುವ ಹೀರೋಗಳನ್ನು ನೋಡಿ ಬೆಳೆದ ನನಗೆ ಇದು ದೊಡ್ಡ ವಿಷಯ. ಮುಂದೆ ಫೇ ಕೆಲಸದ ಹೊತ್ತಲ್ಲೇ ಕುಡಿದು ನೌಕರಿ ಕಳೆದುಕೊಳ್ಳುತ್ತಾಳೆ. ರೋಬೋ ರಿಪೇರಿಗೆ ಇಳಿಯುತ್ತಾಳೆ. ಹಿಂದೆ ಸೇನೆಯಲ್ಲಿದ್ದ ಬಬಲ್ಸ್ ಎಂಬ ರೋಬೋ ಪರಿಚಯವಾಗುತ್ತಾಳೆ. ಆ ಸ್ನೇಹ ಪ್ರೀತಿಯಾಗಲು ಎಷ್ಟು ಹೊತ್ತು ಬೇಕೋ ಅಷ್ಟನ್ನೂ ಲೇಖಕ ಕೊಟ್ಟಿದ್ದಾರೆ. ಮಾರ್ಟೆನ್-ಕ್ಲೇರ್ ಜೋಡಿಯೂ ಹಾಗೇ. ಲೈಬ್ರರಿಯಲ್ಲಿ ಅವನಿಗೆ ಪರಿಚಯವಾದ ಕ್ಲೇರ್ ಟ್ರಾನ್ಸ್‌ಜೆಂಡರ್ ಹೆಣ್ಣುಮಗಳು. ಅದನ್ನು ಭಾಷಣ ಮಾಡದೆ, ಲೈಬ್ರರಿಯ ದಿನಚರಿಯ ಒಳಗೇ ಬರೆದಿದ್ದು ನನಗೆ ತುಂಬಾ ಹಿಡಿಸಿತು.

ಬೇಜಾರಿರುವುದು ಕ್ಯೂಬ್‌ಟೌನ್ ಎಂಬ ದ್ವೀಪದ ವಿಷಯದಲ್ಲಿ. ಕ್ಲೇರ್‌ಗೆ ಅಲ್ಲಿ ಕೆಲಸ ಸಿಕ್ಕಿ, ಮಾರ್ಟೆನ್ ಕೂಡ ಹೋದ ಮೇಲೆ ಕಥೆ ಆ ವಿಚಿತ್ರ ವಿಜ್ಞಾನಿಗಳ ದ್ವೀಪಕ್ಕೆ ಹೊರಟುಬಿಟ್ಟಿತು. ಅಲ್ಲಿ ಯಾರಿಗೂ ಬಾಡಿಗೆಯ ಚಿಂತೆ ಇದ್ದಂತಿಲ್ಲ. ಜಗಳವಾದರೂ ಅದರ ಬಿಸಿ ತಟ್ಟುವುದಿಲ್ಲ. ಹೊಸ ಪಾತ್ರಗಳು ಜಾಸ್ತಿಯಾದವು, ಹಳಬರನ್ನು ನೋಡಲು ವಾರಗಟ್ಟಲೆ ಕಾಯಬೇಕು. ಕಥೆಯೊಳಗಿನ ಒಂದು ದಿನ ಮುಗಿಯಲೂ ಅಷ್ಟೇ ಹೊತ್ತು.

ಐದಕ್ಕೆ ನಾಲ್ಕು ಸ್ಟಾರ್. ಹೊಸಬರು ಮೊದಲ ಕಂತಿನಿಂದಲೇ ಶುರು ಮಾಡಿ. ಆಗಿನ ಚಿತ್ರಗಳು ಒರಟಾಗಿವೆ, ಅಷ್ಟಕ್ಕೇ ಬಿಡಬೇಡಿ. ಇಂಗ್ಲಿಷ್ ಆಡುಮಾತಿನದ್ದು, ಕಷ್ಟವಿಲ್ಲ. ಬೈಗುಳ, ಕುಡಿತ, ಲೈಂಗಿಕ ವಿಷಯದ ಮಾತು ಸಾಕಷ್ಟಿವೆ. ಹಾಗಾಗಿ ಹೈಸ್ಕೂಲ್ ಮಕ್ಕಳಿಗೆ ಬೇಡ.