ಲೇಸರ್ ಆದ ಮೇಲೆ ಮುಖಕ್ಕೆ ಏನು ಹಚ್ಚಬೇಕು: ಜೆಲ್ಲಿ, ಜೆಲ್, ಬಣ್ಣದ ಕ್ರೀಮ್ ಹಚ್ಚಿ ನೋಡಿದ ಲೆಕ್ಕ

ಲೇಸರ್ ಚರ್ಮದಲ್ಲಿ ಈಗಾಗಲೇ ಇರುವ ಬಣ್ಣವನ್ನು ಒಡೆದು ಹಾಕುತ್ತದೆ, ಬಣ್ಣ ತಯಾರಿಸುವ ಜೀವಕೋಶದ ಚಟ ಬಿಡಿಸುವುದಿಲ್ಲ. ಬಂಗಿಗೆ ಆರು ಸಿಟ್ಟಿಂಗ್ ಮಾಡಿಸಿದ ಮುಖ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮತ್ತೆ ಮಬ್ಬಾಗುವುದು ಇದಕ್ಕೇ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬಿಸಿಲು ಚುರುಕು, ಬೋರ್‌ವೆಲ್ ನೀರು ಗಡಸು, ಧೂಳಂತೂ ಕೇಳುವುದೇ ಬೇಡ. ಈ ಹವೆಯಲ್ಲಿ ಒಂದು ಕೆನ್ನೆಗೆ ಇದು, ಇನ್ನೊಂದಕ್ಕೆ ಅದು ಎಂದು ಹಚ್ಚಿ ನೋಡಿದ್ದರ ಫಲ ಇಲ್ಲಿದೆ.

ಮೊದಲ ವಾರ

ಮೊಡವೆ ಕುಳಿಗೆ ಮಾಡುವ ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಚರ್ಮದಲ್ಲಿ ಸೂಜಿಮೊನೆಗಿಂತ ಸಣ್ಣ ಗಾಯಗಳನ್ನು ಸಾಲಾಗಿ ಮಾಡುತ್ತದೆ. ಎರಡು ಮೂರನೇ ದಿನಕ್ಕೆ ಮುಖದ ಮೇಲೆ ಕಾಫಿಪುಡಿ ಉದುರಿಸಿದಂತೆ ಸಣ್ಣ ಹಕ್ಕಳೆ ಏಳುತ್ತವೆ; ಕೈಯಾಡಿಸಿದರೆ ರವೆ ಸಿಕ್ಕಿದ ಹಾಗೆ. ಐದರಿಂದ ಏಳು ದಿನದಲ್ಲಿ ತಾವಾಗಿಯೇ ಉದುರುತ್ತವೆ. ಉಗುರಿನಿಂದ ಎತ್ತಿದರೆ ಕಪ್ಪು ಕಲೆ ಉಳಿಯಬಹುದು.

ಇಲ್ಲಿ ಪೆಟ್ರೋಲಿಯಂ ಜೆಲ್ಲಿಯ ಎದುರು ಬೇರೆ ಯಾವುದೂ ನಿಲ್ಲಲಿಲ್ಲ. ತೇವ ಆರದಿದ್ದರೆ ಹೊಸ ಚರ್ಮ ಬೇಗ ಹರಡಿಕೊಳ್ಳುತ್ತದೆ, ಜೆಲ್ಲಿ ಮಾಡುವುದು ಅಷ್ಟೇ ಕೆಲಸ. ತೊಗರಿಕಾಳಿನಷ್ಟು ತೆಗೆದು, ತೊಳೆದ ಕೈಯಲ್ಲಿ ತೆಳ್ಳಗೆ, ದಿನಕ್ಕೆ ನಾಲ್ಕೈದು ಸಲ. ಡಬ್ಬಿಗಿಂತ ಟ್ಯೂಬ್ ವಾಸಿ, ಬೆರಳು ಒಳಗೆ ಹೋಗುವುದಿಲ್ಲ. ಅಂಗಡಿಯ ಲೋಳೆಸರದ ಜೆಲ್ ಹಚ್ಚಿದ ಕ್ಷಣ ತಂಪು, ಆದರೆ ಅದರಲ್ಲಿ ಸುಗಂಧವೋ ಆಲ್ಕೋಹಾಲೋ ಇದ್ದರೆ ಮರುಕ್ಷಣ ಉರಿ. ಆರಿದ ಮೇಲೆ ಚರ್ಮ ಬಿಗಿಯುತ್ತದೆ. ಕುಂಡದಿಂದ ಕೊಯ್ದ ಎಲೆಯೂ ಬೇಡ, ಸಿಪ್ಪೆಯ ಕೆಳಗಿನ ಹಳದಿ ಹಾಲು ಚರ್ಮವನ್ನು ಕೆರಳಿಸುತ್ತದೆ. ಕೊಬ್ಬರಿ ಎಣ್ಣೆ ಜೆಲ್ಲಿಯಷ್ಟು ತೇವ ಹಿಡಿಯುವುದಿಲ್ಲ, ಮೊಡವೆ ಮುಖದಲ್ಲಿ ರಂಧ್ರ ಕಟ್ಟುತ್ತದೆ.

ಜೆಲ್ಲಿಯ ತೊಂದರೆ ಹಕ್ಕಳೆ ಉದುರಿದ ಮೇಲೆ ಶುರುವಾಗುತ್ತದೆ. ಧೂಳು ಅಂಟುತ್ತದೆ, ಸಣ್ಣ ಗುಳ್ಳೆ ಏಳುತ್ತವೆ. ಆಗ ಸೆರಮೈಡ್ (ಚರ್ಮದ ತೇವ ಹಿಡಿದಿಡುವ ಕೊಬ್ಬಿನಂಶ) ಇರುವ, ವಾಸನೆಯಿಲ್ಲದ ಮಾಯಿಶ್ಚರೈಸರ್‌ಗೆ ಬದಲಾಯಿಸಬೇಕು. ಬಂಗಿಗೆ ಮಾಡುವ ಕ್ಯೂ-ಸ್ವಿಚ್ ಟೋನಿಂಗ್ ಲೇಸರ್ ಆದರೆ ಕೆಂಪು ಸಾಮಾನ್ಯವಾಗಿ ಅದೇ ದಿನ ಇಳಿಯುತ್ತದೆ, ಜೆಲ್ಲಿಯ ಅಗತ್ಯವೇ ಇಲ್ಲ. ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ, ಹಳದಿ ನೀರು ಸೋರಿದರೆ ಯಾವ ಕ್ರೀಮೂ ಬೇಡ, ಲೇಸರ್ ಮಾಡಿದ ವೈದ್ಯರ ಹತ್ತಿರ ಅವತ್ತೇ ಹೋಗಿ.

ಜೆಲ್ ಸನ್‌ಸ್ಕ್ರೀನ್, ಬಣ್ಣದ ಸನ್‌ಸ್ಕ್ರೀನ್

ಅಸಲು ಹೋಲಿಕೆ ಇಲ್ಲಿದೆ. ಹಸಿ ಚರ್ಮ ಮುಚ್ಚಿಕೊಂಡ ಮೇಲೆಯೇ ಎರಡೂ.

ಪಾರದರ್ಶಕ ಜೆಲ್ ಹಚ್ಚಲು ಸುಖ, ಮುಖ ಬಿಳುಚುವುದಿಲ್ಲ, ಬೆವರಿಗೆ ಜಿಡ್ಡೂ ಆಗುವುದಿಲ್ಲ. ಎರಡು ಕೊರತೆ: ಬೆವರಿನ ಜೊತೆ ಇಳಿದು ಕಣ್ಣು ಉರಿಸುತ್ತದೆ, ಮತ್ತು ಅತಿನೇರಳೆ ಕಿರಣವನ್ನು ತಡೆದರೂ ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟುಬಿಡುತ್ತದೆ. ಗೋಧಿ ಬಣ್ಣ, ಕಂದು ಬಣ್ಣದ ಚರ್ಮದಲ್ಲಿ ಆ ಬೆಳಕಿನ ನೀಲಿ ಭಾಗವೂ ಬಂಗನ್ನು ಎಬ್ಬಿಸುತ್ತದೆ. ಅದನ್ನು ತಡೆಯುವುದು ಬಣ್ಣದ ಕ್ರೀಮಿಗೆ ಬಣ್ಣ ಕೊಡುವ ಐರನ್ ಆಕ್ಸೈಡ್. ಹಾಗಾಗಿ ಬಂಗಿನ ಮುಖಕ್ಕೆ ಬಣ್ಣದ ಕ್ರೀಮೇ ಗೆದ್ದಿತು. ಕೊಳ್ಳುವಾಗ ಟ್ಯೂಬಿನ ಹಿಂಭಾಗ ಓದಿ: ಐರನ್ ಆಕ್ಸೈಡ್ ಎಂದಾಗಲಿ, 77491, 77492, 77499 ಎಂಬ ಸಂಖ್ಯೆಗಳಾಗಲಿ ಇರಬೇಕು. ಬರೀ ಜಿಂಕ್ ಆಕ್ಸೈಡ್ ಆದರೆ ನಮ್ಮ ಬಣ್ಣಕ್ಕೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ಬಣ್ಣದ್ದರ ಕಿರಿಕಿರಿ ಬೇರೆ: ಹೆಲ್ಮೆಟ್ ಪಟ್ಟಿ, ಬಿಳಿ ಕಾಲರ್ ಎರಡಕ್ಕೂ ಹತ್ತುತ್ತದೆ, ಸರಿಯಾದ ಛಾಯೆ ಸಿಗಲು ಎರಡು ಮೂರು ಟ್ಯೂಬ್ ದಂಡವಾಗುತ್ತದೆ.

ಕೂದಲು ತೆಗೆಸುವ ಲೇಸರ್‌ಗೆ, ಬಂಗಿಲ್ಲದ ಕುಳಿ ಮುಖಕ್ಕೆ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಂಕಿ) 50ರ ಜೆಲ್ ಸಾಕು. ಸಾಲದೇ ಬರುವುದು ಅಳತೆ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖಕ್ಕೆ ಬೇಕಾದ ಒಂದೂಕಾಲು ಗ್ರಾಂ ಹತ್ತಿರ ಬರುತ್ತದೆ. ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬ್ 20 ದಿನಕ್ಕೆ ಮುಗಿಯಬೇಕು. ಮೂರು ತಿಂಗಳು ಬಂದಿದೆ ಎಂದು ಹೆಮ್ಮೆಪಟ್ಟರೆ, ದಿನಕ್ಕೆ ಅರ್ಧ ಗ್ರಾಂ ಹಚ್ಚಿದಂತಾಯಿತು. ಡಬ್ಬಿಯ ಮೇಲಿನ 50 ಮುಖದ ಮೇಲೆ ಇಲ್ಲ. ಅಳತೆಯಾಗಿ ಹಚ್ಚಿದ ಸಾದಾ ಜೆಲ್, ಬೊಟ್ಟಿಟ್ಟು ಸವರಿದ ದುಬಾರಿ ಬಣ್ಣದ ಕ್ರೀಮಿಗಿಂತ ಎಷ್ಟೋ ಮೇಲು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ನಂದಿಬೆಟ್ಟದ ತಂಪು ಗಾಳಿಯನ್ನು ನಂಬಬೇಡಿ. 1,478 ಮೀಟರ್ ಎತ್ತರದಲ್ಲಿ ಅತಿನೇರಳೆ ಕಿರಣ ಕೆಳಗಿನ ಊರಿಗಿಂತ ಹೆಚ್ಚೇ. ಸುಡುವುದು ಗೊತ್ತಾಗದೆ ಸುಡುತ್ತದೆ.

ವೇಲು, ಕೊಡೆ, ಬಸ್ಸಿನ ಸೀಟು

ತೆಳ್ಳನೆಯ ಬಿಳಿ ಕಾಟನ್ ವೇಲು ಧೂಳಿಗೆ ಸರಿ, ಬಿಸಿಲಿಗೆ ಅರೆಬರೆ. ನೂಲಿನ ಸಂದಿಯಲ್ಲಿ ಬೆಳಕು ಕಂಡರೆ ಕಿರಣವೂ ಬರುತ್ತದೆ. ಒತ್ತು ನೇಯ್ಗೆಯ ಗಾಢ ಬಣ್ಣದ್ದು ವಾಸಿ, ಕಪ್ಪು ಕೊಡೆ ಇನ್ನೂ ವಾಸಿ. ಬಸ್ಸಿನ ಗಾಜು ಅತಿನೇರಳೆ ಕಿರಣದಲ್ಲಿ ಸುಡುವ ಬಗೆಯಾದ ಯುವಿಬಿಯನ್ನು ತಡೆಯುತ್ತದೆ, ಕಪ್ಪಾಗಿಸುವ ಬಗೆಯಾದ ಯುವಿಎಯನ್ನು ಬಹುಪಾಲು ಒಳಬಿಡುತ್ತದೆ. ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಬೆಂಗಳೂರಿಗೆ ಹೊರಟರೆ ಬಿಸಿಲು ಎಡಗಡೆ. ಸಂಜೆ ವಾಪಸು ಬರುವಾಗಲೂ ಎಡಗಡೆಯೇ. ಎರಡೂ ಹೊತ್ತು ಬಲಗಡೆ ಕೂರಿ. ನಿತ್ಯ ಓಡಾಡುವವರ ಎಡಗೆನ್ನೆ ಹೆಚ್ಚು ಕಪ್ಪಿದ್ದರೆ ಮೊದಲು ಕೇಳಬೇಕಾದದ್ದು ಕ್ರೀಮಿನ ಹೆಸರಲ್ಲ, ಸೀಟು.

ಶಾಖಕ್ಕೆ ಇವ್ಯಾವುದೂ ಮದ್ದಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ಕುದಿನೀರಿನ ಮುಂದೆ ನಿಲ್ಲುವವರಿಗೆ, ಹೋಟೆಲ್ ಒಲೆಯವರಿಗೆ ನೆರಳಿನಲ್ಲಿದ್ದೂ ಬಂಗು ಮರಳುತ್ತದೆ. ಫ್ಯಾನ್ ಹಬೆಯನ್ನು ಮುಖದಿಂದ ಆಚೆ ತಳ್ಳುವ ಹಾಗೆ ಇಟ್ಟುಕೊಳ್ಳುವುದು, ನಡುನಡುವೆ ಒದ್ದೆ ಬಟ್ಟೆ ಒತ್ತಿಕೊಳ್ಳುವುದು, ಅಷ್ಟೇ ಕೈಲಾಗುವುದು.

ಕಲೆ ತಡೆಯುವ ಟ್ಯೂಬ್

ಅಜೆಲಾಯಿಕ್ ಆಸಿಡ್, ನಯಾಸಿನಮೈಡ್ ಎರಡೂ ನಿಧಾನ. ಮೂರು ತಿಂಗಳು ಕಾಯದೆ ತೀರ್ಪು ಕೊಡುವಂತಿಲ್ಲ. ಅಜೆಲಾಯಿಕ್ ಮೊದಲ ಎರಡು ವಾರ ಚುರುಚುರು ಎನ್ನುತ್ತದೆ, ದಿನ ಬಿಟ್ಟು ದಿನ ಶುರು ಮಾಡಿದರೆ ತಡೆದುಕೊಳ್ಳಬಹುದು. ಬಸುರಿಯರಿಗೂ ಸಾಮಾನ್ಯವಾಗಿ ಕೊಡುವ ಔಷಧಿ ಅದು. ಇವುಗಳ ಎದುರಾಳಿ ಎಂದರೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಸೇರಿದ ಟ್ಯೂಬ್. ಹದಿನೈದು ದಿನಕ್ಕೇ ಮುಖ ಬೆಳ್ಳಗೆ, ಅದೇ ಅದರ ಅಪಾಯ. ವೈದ್ಯರು ಹೇಳಿದ ಕೆಲವೇ ವಾರ ಮುಗಿದ ಮೇಲೂ ಮುಂದುವರಿಸಿದರೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಬಿಟ್ಟ ವಾರವೇ ಕೆಂಪು, ಉರಿ, ಮೊಡವೆ. ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು 2018ರಲ್ಲೇ ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ. ಚೀಟಿಯಿಲ್ಲದೆ ಕೊಡುವ ಮೆಡಿಕಲ್ ಶಾಪ್ ನಿಮಗೆ ಉಪಕಾರ ಮಾಡುತ್ತಿಲ್ಲ. ನಿಂಬೆರಸದ ಮಾತೇ ಬೇಡ, ಬಿಸಿಲು ಬಿದ್ದರೆ ಅದೇ ಜಾಗ ಸುಟ್ಟು ಕಪ್ಪಾಗುತ್ತದೆ.

ತೊಳೆಯುವುದಕ್ಕೆ ಸೋಪು ಸೋತಿತು. ಗಡಸು ನೀರಿನಲ್ಲಿ ಅದು ಬಕೆಟ್ ಅಂಚಿಗೆ ಕಟ್ಟುವ ಬಿಳಿ ಪೊರೆಯನ್ನೇ ಮುಖದ ಮೇಲೂ ಬಿಡುತ್ತದೆ. ಸೋಪಿಲ್ಲದ ಮೃದು ಫೇಸ್‌ವಾಶ್, ಕೊನೆಗೆ ಒಂದು ಚೊಂಬು ಫಿಲ್ಟರ್ ನೀರು. ಕೂದಲಿನ ಲೇಸರ್ ನಡುವೆ ಥ್ರೆಡಿಂಗ್, ವ್ಯಾಕ್ಸಿಂಗ್ ಎರಡೂ ಬೇಡ: ಬುಡ ಕಿತ್ತು ಬಂದರೆ ಮುಂದಿನ ಸಿಟ್ಟಿಂಗ್‌ನಲ್ಲಿ ಲೇಸರ್ ಹಿಡಿಯುವುದಕ್ಕೆ ಏನೂ ಇರುವುದಿಲ್ಲ. ಶೇವ್ ಮಾಡಬಹುದು.

ಇಷ್ಟೆಲ್ಲ ಯಾಕೆ, ಮಬ್ಬಾದಾಗಲೆಲ್ಲ ಇನ್ನೊಂದು ಟೋನಿಂಗ್ ಹೊಡೆಸಿದರಾಯಿತು ಎನ್ನುವವರು ಕೆನ್ನೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಲಿ. ಹನಿ ಎರಚಿದಂಥ ಸಣ್ಣ ಬಿಳಿ ಚುಕ್ಕೆ ಕಂಡರೆ ಸಿಟ್ಟಿಂಗ್ ಅತಿಯಾಗಿದೆ. ಅಲ್ಲಿಗೆ ಲೇಸರ್ ನಿಲ್ಲಿಸಬೇಕು. ಬಂಗಿಗಿಂತ ಆ ಚುಕ್ಕೆ ಹೋಗಿಸುವುದು ಕಷ್ಟ.