ಮಳೆಗಾಲಕ್ಕೆ ಪ್ಯಾಕೆಟ್, ನೂಪುಟ್ಟಿಗೆ ಹಿಂಡಿದ್ದೇ: ಮೂರು ವರ್ಷದ ಕಾಯಿ ಹಾಲು

ನಮ್ಮ ಮನೆ ಮಡಿಕೇರಿ ಹತ್ತಿರ. ಜೂನ್ ಬಂತೆಂದರೆ ಕರೆಂಟ್ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಕೇಳಬಾರದು. ಮಿಕ್ಸಿ ಇಲ್ಲದೆ ಕಾಯಿ ಹಾಲು ತೆಗೆಯಬೇಕಾದರೆ ರುಬ್ಬುವ ಕಲ್ಲೇ ಗತಿ. ಹಾಗಾಗಿ ಮೂರು ವರ್ಷದ ಹಿಂದೆ ಪ್ಯಾಕೆಟ್ ಕಾಯಿ ಹಾಲು ಮನೆಗೆ ಬಂತು. ಆಮೇಲೆ ಪುಡಿ, ಟಿನ್ ಕೂಡ ತಂದು ನೋಡಿದೆವು.

200 ಎಂ.ಎಲ್. ಪ್ಯಾಕೆಟ್ ಕೋಳಿ ಸಾರಿಗೆ ಚೆನ್ನಾಗಿಯೇ ಇದೆ. ಹುರಿದ ಕೊತ್ತಂಬರಿ, ಕಾಳುಮೆಣಸು, ಜೀರಿಗೆ ಬಿದ್ದ ಮೇಲೆ ಹಾಲು ಎಲ್ಲಿಂದ ಬಂತು ಅಂತ ಯಾರು ಕೇಳ್ತಾರೆ? ಒಂದು ಸಲ ಒಲೆ ಮೇಲೆ ಮರೆತು ಕೊತಕೊತ ಕುದಿಸಿಬಿಟ್ಟೆ, ಆದರೂ ಒಡೆಯಲಿಲ್ಲ. ಗುಟ್ಟು ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿತ್ತು: ಸ್ಟೆಬಿಲೈಸರ್, ಎಮಲ್ಸಿಫೈಯರ್. ಮನೆಯಲ್ಲಿ ಹಿಂಡಿದ ಹಾಲಿಗೆ ಈ ಆಸರೆ ಇಲ್ಲ. ಎರಡನೇ ಸಲ ಹಿಂಡಿದ ತೆಳು ಹಾಲಿನಲ್ಲಿ ಬೇಯಿಸಿ, ಮೊದಲು ಹಿಂಡಿದ ಗಟ್ಟಿ ಹಾಲನ್ನು ಕೊನೆಗೆ ಹಾಕಿ ಉರಿ ಇಳಿಸಬೇಕು.

ಆದರೆ ನೂಪುಟ್ಟಿಗೆ, ಅಂದರೆ ನಮ್ಮ ಅಕ್ಕಿ ಶಾವಿಗೆಗೆ, ಬೆಲ್ಲ, ಏಲಕ್ಕಿ ಹಾಕಿದ ಕಾಯಿ ಹಾಲು ಮಾಡಿದಾಗ ಪ್ಯಾಕೆಟ್ ಸಿಕ್ಕಿಬಿದ್ದಿತು. ಅಲ್ಲಿ ಮಸಾಲೆಯ ಮರೆ ಇಲ್ಲ ನೋಡಿ. ಬೇಯಿಸಿದಂಥ ವಾಸನೆ, ನಾಲಿಗೆಗೆ ಒಂಥರಾ ಅಂಟು. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಆ ದಿನ ಔಷಧಿ ಅಂತ ತಿನ್ನುವ ಮದ್ದುಸೊಪ್ಪಿನ ಪಾಯಸಕ್ಕೂ ಒಮ್ಮೆ ಅದನ್ನೇ ಸುರಿದೆ. ಸೊಪ್ಪಿನ ನೇರಳೆ ಬಣ್ಣವೇನೋ ಬಂತು. ಅತ್ತೆ ಎರಡು ಚಮಚ ತಿಂದು, "ಕಾಯಿ ಹಳೇದಾ?" ಅಂತ ಕೇಳಿದರು. ಅವತ್ತಿಂದ ಆಗಸ್ಟ್ 2ರಂದು ಕರೆಂಟ್ ಇರುವಾಗಲೇ ಎರಡು ಬಲಿತ ಕಾಯಿ ತುರಿದು ಹಿಂಡಿಡುತ್ತೇನೆ.

ನಮ್ಮ ಚಳಿಗೆ ಇನ್ನೊಂದು ತಮಾಷೆ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಪ್ಯಾಕೆಟ್ ಕತ್ತರಿಸಿದರೆ ಮೊದಲು ನೀರು, ಆಮೇಲೆ ಮೇಣದಂಥ ಗಡ್ಡೆ. ಬೆಂಗಳೂರಿನಿಂದ ಬಂದ ನಾದಿನಿ ಕೆಟ್ಟಿದೆ ಅಂತ ಒಂದನ್ನು ಚೆಲ್ಲಿಯೇಬಿಟ್ಟಳು. ಕತ್ತರಿಸುವ ಮೊದಲು ಬಿಸಿ ನೀರಲ್ಲಿ ಐದು ನಿಮಿಷ ಇಟ್ಟು ಅಲುಗಾಡಿಸಿದರೆ ಸಾಕು.

ಟಿನ್ ಹಾಲು ಗಟ್ಟಿ, ರುಚಿಯೂ ಪರವಾಗಿಲ್ಲ. ಆದರೆ 400 ಎಂ.ಎಲ್. ನಮಗೆ ಜಾಸ್ತಿ. ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಬೇಕು, ಫ್ರಿಜ್ಜಿಗೂ ಕರೆಂಟ್ ಬೇಕಲ್ವಾ! ಪುಡಿಯಂತೂ ಬೇಡ. ಒಮ್ಮೆ ತೆರೆದದ್ದು ಜುಲೈ ತೇವಕ್ಕೆ ಕಲ್ಲಾಯಿತು, ಕಡೆಗೆ ಒರಳಲ್ಲಿ ಕುಟ್ಟಿದೆ. ಎಷ್ಟೋ ಪುಡಿಗಳಲ್ಲಿ ಹಸುವಿನ ಹಾಲಿನ ಪ್ರೋಟೀನ್ ಆದ ಕೇಸಿನೇಟ್ ಇರುತ್ತದೆ. ಹಾಲು ಆಗದವರು ಲೇಬಲ್ ಓದದೆ ತರಬೇಡಿ.

ಆರೋಗ್ಯದ ಮಾತು ಬಂದದ್ದು ಅತ್ತೆಯ ರಕ್ತ ಪರೀಕ್ಷೆ ಆದ ಮೇಲೆ. ತೆಂಗಿನಲ್ಲಿ ಕೊಲೆಸ್ಟ್ರಾಲ್ ಇಲ್ಲ, ನಿಜ. ಆದರೆ ಗಟ್ಟಿ ಹಾಲು 100 ಗ್ರಾಂ ತೆಗೆದುಕೊಂಡರೆ ಸುಮಾರು 20 ಗ್ರಾಂ ಕೊಬ್ಬು. ಅದರಲ್ಲಿ ಹೆಚ್ಚಿನದು ಸ್ಯಾಚುರೇಟೆಡ್, ನಮ್ಮ ರಕ್ತದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಏರಿಸುವಂಥದ್ದು. ಮನೆಯಲ್ಲಿ ಹಿಂಡಿದರೂ ಅದು ತಪ್ಪುವುದಿಲ್ಲ. "ಲೈಟ್" ಅಂತ ಮಾರುವುದಕ್ಕೆ ಜಾಸ್ತಿ ದುಡ್ಡು ಕೊಡಲು ನನಗೆ ಮನಸ್ಸಿಲ್ಲ, ಅದರಲ್ಲಿ ಹೆಚ್ಚಿರುವುದು ನೀರು. ಈಗ ಅತ್ತೆಯ ಪಾಲಿನ ಸಾರಿಗೆ ಎರಡನೇ ಹಾಲು ಮಾತ್ರ. ಅವರು ತಟ್ಟೆ ಒಮ್ಮೆ ಓರೆ ಮಾಡಿ, ಸಾರು ಹರಿಯುವುದನ್ನು ನೋಡಿ, ಏನೂ ಹೇಳದೆ ಅಕ್ಕಿ ಉಂಡೆ ಕಡಂಬುಟ್ಟು ಅದ್ದುತ್ತಾರೆ.