ಎಂಸಿಟಿ-ಎಲ್‌ಸಿಟಿ ಪ್ರೊಪೊಫಾಲ್: ಉರಿ ತಗ್ಗುತ್ತದೆ, ಆದರೆ ಇದೊಂದೇ ಸಾಲದು

ಅರಿವಳಿಕೆ ಔಷಧ ಪ್ರೊಪೊಫಾಲ್ ಚುಚ್ಚುವಾಗ ಕೈ ಉರಿಯಲು ಮುಖ್ಯ ಕಾರಣ, ಎಮಲ್ಷನ್‌ನ (ನೀರಿನಲ್ಲಿ ಎಣ್ಣೆ ಹನಿಗಳು ಹರಡಿದ ಮಿಶ್ರಣದ) ನೀರಿನ ಭಾಗದಲ್ಲಿ ಬಿಡಿಯಾಗಿ ಉಳಿದ ಔಷಧ. ಹಳೆಯ 1% ತಯಾರಿಕೆಯಲ್ಲಿ 10% ಸೋಯಾ ಎಣ್ಣೆಯೊಂದೇ ಇರುತ್ತದೆ. ಎಂಸಿಟಿ-ಎಲ್‌ಸಿಟಿ ತಯಾರಿಕೆಯ ಎಣ್ಣೆಯಲ್ಲಿ ಅರ್ಧ ಸೋಯಾ (ಉದ್ದ ಸರಪಳಿಯ ಕೊಬ್ಬು, ಎಲ್‌ಸಿಟಿ), ಅರ್ಧ ಮಧ್ಯಮ ಸರಪಳಿಯ ಕೊಬ್ಬು (ಎಂಸಿಟಿ). ಬಿಡಿ ಔಷಧ ಕಡಿಮೆಯಾಗಿ ಉರಿಯೂ ತಗ್ಗುತ್ತದೆ. ಡೋಸ್ ಮಾತ್ರ ಅದೇ, ಬಿಪಿ ಇಳಿಸುವುದೂ ಅಷ್ಟೇ.

ಆದರೂ ಇದನ್ನೇ ನಂಬಿ ಅಂಗೈ ಹಿಂಬದಿಯ ಸಣ್ಣ ರಕ್ತನಾಳಕ್ಕೆ ನೇರವಾಗಿ ಚುಚ್ಚುವುದು ಸರಿಯಲ್ಲ. ಮೊಣಕೈ ಮಡಿಕೆಯ ದೊಡ್ಡ ನಾಳ ಸಿಕ್ಕರೆ ಅದೇ ಉತ್ತಮ (ಕೈ ಮಡಚದಂತೆ ನೋಡಿಕೊಳ್ಳಬೇಕು, ಅಷ್ಟೆ).

ಸಿಗದಿದ್ದರೆ ಮುಂದೋಳಿಗೆ ಟೂರ್ನಿಕೆ (ರಕ್ತದ ಹರಿವು ತಡೆಯುವ ಪಟ್ಟಿ) ಬಿಗಿದು, ಅಡ್ರಿನಲಿನ್ ಇಲ್ಲದ ಲಿಗ್ನೊಕೇನ್ (ಮರಗಟ್ಟಿಸುವ ಔಷಧ) ಕೆಜಿಗೆ 0.5 ಮಿಗ್ರಾಂ ಕೊಡಿ. 60 ಕೆಜಿ ರೋಗಿಗೆ 2% ದ್ರಾವಣ 1.5 ಮಿಲೀ. ಒಂದು ನಿಮಿಷ ಕಾದು, ಟೂರ್ನಿಕೆ ಬಿಚ್ಚಿ, ಪ್ರೊಪೊಫಾಲ್ ಶುರುಮಾಡಿ. ಅವಸರಪಟ್ಟು ಬೇಗ ಬಿಚ್ಚಿದರೆ ಲಿಗ್ನೊಕೇನ್ ನಾಳದ ಗೋಡೆಯನ್ನು ಮರಗಟ್ಟಿಸುವ ಮೊದಲೇ ರಕ್ತದೊಡನೆ ಹೋಗಿಬಿಡುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಲಿಗ್ನೊಕೇನ್ ಅಲರ್ಜಿ ಅಥವಾ ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಇದ್ದವರಿಗೆ ಈ ದಾರಿ ಬೇಡ.

ಲಿಗ್ನೊಕೇನನ್ನು ಸಿರಿಂಜಿನಲ್ಲೇ ಬೆರೆಸುವುದಾದರೆ ಪ್ರೊಪೊಫಾಲಿನ 20 ಮಿಲೀ ಆಂಪೂಲಿಗೆ (ಗಾಜಿನ ಸೀಸೆಗೆ) ಅದು 20 ಮಿಗ್ರಾಂ ಮೀರಬಾರದು, ಬೆರೆಸಿದ ತಕ್ಷಣ ಕೊಡಬೇಕು. ಹೆಚ್ಚಾದರೆ ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ಪದರ ಒಡೆದಂತೆ ಕಂಡ ಸಿರಿಂಜ್ ಬಿಸಾಡಿ. ಆಂಪೂಲನ್ನು ಫ್ರೀಜ್ ಮಾಡಬೇಡಿ. ತೆರೆದ ಆಂಪೂಲಿನಲ್ಲಿ ಉಳಿದದ್ದನ್ನು ಇನ್ನೊಬ್ಬ ರೋಗಿಗೆ ಎತ್ತಿಡಬೇಡಿ, ಈ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ.